ಫ್ಯಾಟಿ ಲಿವರ್: ಕಾವಲು ಪ್ರೋಟೀನ್‌ಗಳ ಕೈ ಬಲಪಡಿಸಿ

ಹೊಟ್ಟೆಯ ಸ್ಕ್ಯಾನಿಂಗ್ ವರದಿಗಳಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲು ಈಗ ಮಾಮೂಲಾಗಿದೆ. ನೋವಿಲ್ಲದ ಕಾರಣ ಎಷ್ಟೋ ಮನೆಗಳಲ್ಲಿ ಆ ವರದಿ ನೇರ ಬೀರು ಸೇರುತ್ತದೆ. ಕೆಲವರು ಮೆಡಿಕಲ್ ಶಾಪ್‌ನಿಂದ ಲಿವರ್ ಟಾನಿಕ್ ತಂದು ಕುಡಿಯುತ್ತಾರೆ. ಆದರೆ ಲಿವರ್ ಕಾಯುವ ಪ್ರೋಟೀನ್‌ಗಳು ನಮ್ಮ ದೇಹದಲ್ಲೇ ಇವೆ. ಊಟ ಮತ್ತು ಓಡಾಟ ಸರಿಯಿದ್ದರೆ ಅವು ತಮ್ಮ ಕೆಲಸ ತಾವೇ ಮಾಡುತ್ತವೆ.

ಕಾವಲುಗಾರರು ಯಾರು?

ದೇಹ ಬಳಸಿ ಉಳಿದ ಸಕ್ಕರೆ, ಪಿಷ್ಟವನ್ನು ಲಿವರ್ ಕೊಬ್ಬಾಗಿ ಮಾರ್ಪಡಿಸುತ್ತದೆ. ಅದನ್ನು ರಕ್ತಕ್ಕೆ ಸಾಗಿಸಲು ‘ಎಪೊ-ಬಿ’ ಎಂಬ ಪ್ರೋಟೀನ್ ಬೇಕು. ಲಾರಿ ಸಾಲದ ಗೋದಾಮಿನಂತೆ, ತಯಾರಿ ಹೆಚ್ಚಾದರೆ ಸರಕು ಒಳಗೇ ಉಳಿಯುತ್ತದೆ. ಲಾರಿ ಕಡಿಮೆಯಾದರೂ ಅಷ್ಟೇ: ಪ್ರೋಟೀನ್ ಕೊರತೆಯ ಕ್ವಾಷಿಯೋರ್ಕರ್ ಕಾಯಿಲೆಯಲ್ಲಿ ಪೋಷಣೆ ಸಾಲದ ಮಗುವಿನ ಲಿವರ್‌ನಲ್ಲೂ ಕೊಬ್ಬು ತುಂಬುತ್ತದೆ.

ಇನ್ನೊಂದು ಕಾವಲು ಪ್ರೋಟೀನ್ ಅಡಿಪೊನೆಕ್ಟಿನ್. ಕೊಬ್ಬಿನ ಕೋಶಗಳೇ ಇದನ್ನು ತಯಾರಿಸುತ್ತವೆ. ಲಿವರ್‌ನ ಕೊಬ್ಬು ಕರಗಿಸಲು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ಇದು ನೆರವಾಗುತ್ತದೆ. ಆದರೆ ಹೊಟ್ಟೆ ಬೆಳೆದಷ್ಟೂ ಇದರ ಪ್ರಮಾಣ ಇಳಿಯುತ್ತದೆ. ಬೊಜ್ಜು ಕರಗಿದರೆ ಮತ್ತೆ ಏರುತ್ತದೆ.

ಹಂತ 1: ಟೇಪ್ ಹಿಡಿಯಿರಿ

ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ತೆಳ್ಳಗಿದ್ದು ಹೊಟ್ಟೆ ಮಾತ್ರ ಬಂದವರೂ ಎಚ್ಚರ ವಹಿಸಬೇಕು.

ಹಂತ 2: ರಕ್ತ ಪರೀಕ್ಷೆ

ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳು, ಪ್ಲೇಟ್‌ಲೆಟ್ ಮತ್ತು ವಯಸ್ಸನ್ನು ಸೇರಿಸಿ ವೈದ್ಯರು ‘ಫಿಬ್-4’ ಅಂಕ ಲೆಕ್ಕ ಹಾಕುತ್ತಾರೆ. ಅದು 1.3ಕ್ಕಿಂತ ಕಡಿಮೆ (65 ದಾಟಿದವರಿಗೆ 2ಕ್ಕಿಂತ ಕಡಿಮೆ) ಇದ್ದರೆ ಲಿವರ್ ಗಡಸಾಗಿರುವ ಸಾಧ್ಯತೆ ಕಡಿಮೆ. ಹೆಚ್ಚಿದ್ದರೆ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಬೇಕಾಗಬಹುದು. ಎಎಲ್‌ಟಿ ನಾರ್ಮಲ್ ಇದೆಯೆಂದು ನಿಶ್ಚಿಂತರಾಗಬೇಡಿ. ಕೊಬ್ಬು ಇದ್ದೂ ಅದು ಸರಿಯಾಗಿಯೇ ಇರಬಹುದು.

ಹಂತ 3: ತಟ್ಟೆ ಬದಲಿಸಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ತೂಕದವರಿಗೆ ಸುಮಾರು 50 ಗ್ರಾಂ.

• ಬೆಳಿಗ್ಗೆ 50 ಗ್ರಾಂ ಹೆಸರುಕಾಳಿನ ಉಸಲಿ: 12 ಗ್ರಾಂ
• ಮಧ್ಯಾಹ್ನ 40 ಗ್ರಾಂ ತೊಗರಿಬೇಳೆಯ ಗಟ್ಟಿ ಹುಳಿ: 8–9 ಗ್ರಾಂ
• ಒಂದು ಬಟ್ಟಲು (200 ಗ್ರಾಂ) ಮೊಸರು: 6 ಗ್ರಾಂ
• ರಾತ್ರಿ ಎರಡು ಮೊಟ್ಟೆ: 12 ಗ್ರಾಂ, ಮೊಟ್ಟೆ ತಿನ್ನದವರಿಗೆ 25 ಗ್ರಾಂ ಸೋಯಾ ಚಂಕ್ಸ್

ಮಿಕ್ಕಿದ್ದು ಮುದ್ದೆ, ಚಪಾತಿ, ಅನ್ನದಿಂದ ಬರುತ್ತದೆ. ತಿಳಿಸಾರನ್ನು ಬೇಳೆಯ ಲೆಕ್ಕಕ್ಕೆ ಹಿಡಿಯಬೇಡಿ. ಬಸ್ಸಾರು ಮಾಡುವಾಗ ಕಾಳು ಬಸಿದ ನೀರು ಸಾರಿಗೆ, ಕಾಳು ಪಲ್ಯಕ್ಕೆ ಹೋಗುತ್ತದೆ. ಪ್ರೋಟೀನ್‌ನ ಬಹುಪಾಲು ಇರುವುದು ಪಲ್ಯದಲ್ಲೇ. ಆದ್ದರಿಂದ ಪಲ್ಯ ಮೊದಲು ಬಡಿಸಿಕೊಳ್ಳಿ, ಅನ್ನ ಒಂದು ಸೌಟು ಕಡಿಮೆ ಮಾಡಿ.

ಹಂತ 4: ಸಕ್ಕರೆಗೆ ಕಡಿವಾಣ

ದಿನಕ್ಕೆ ಮೂರು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ 25 ಗ್ರಾಂ ಅಲ್ಲಿಗೇ ಮೀರಿತು. ಬೆಲ್ಲ, ಜೇನುತುಪ್ಪ, ಪ್ಯಾಕೆಟ್ ಜ್ಯೂಸ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಹಣ್ಣನ್ನು ಹಿಂಡಿ ಕುಡಿಯದೆ ಹಾಗೇ ತಿನ್ನಿ. ಸಕ್ಕರೆಯಿಲ್ಲದ ಕಾಫಿ ಲಿವರ್‌ಗೆ ಒಳ್ಳೆಯದೇ. ಮದ್ಯವಂತೂ ಬೇಡವೇ ಬೇಡ.

ಹಂತ 5: ನಡೆಯಿರಿ, ತೂಕ ಇಳಿಸಿ

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಬಸ್ಕಿ ಅಥವಾ ದಂಡ ಇರಲಿ. ತೂಕ ಶೇ 5ರಷ್ಟು ಇಳಿದರೆ ಲಿವರ್‌ನ ಕೊಬ್ಬು ತಗ್ಗುತ್ತದೆ. ಶೇ 7ರಿಂದ 10ರಷ್ಟು ಇಳಿದರೆ ಉರಿಯೂತವೂ ಇಳಿಯುತ್ತದೆ. 80 ಕೆ.ಜಿ. ಇರುವವರು 4 ಕೆ.ಜಿ. ಇಳಿಸಿದರೂ ಲಾಭವುಂಟು. ಆದರೆ ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಸಾಕು, ಉಪವಾಸವಿದ್ದು ಏಕಾಏಕಿ ಇಳಿಸಿದರೆ ಲಿವರ್‌ಗೇ ತೊಂದರೆ.

ಯಾರಿಗೆ ಎಚ್ಚರ?

ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮುನ್ನ ಡೋಸ್ ವಿಚಾರಿಸಿ. ಕಣ್ಣು ಹಳದಿಯಾದರೆ, ಹೊಟ್ಟೆ ಅಥವಾ ಕಾಲು ಊದಿಕೊಂಡರೆ ಪಥ್ಯದಲ್ಲಿ ದಿನ ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಿ.