ಆ ಕೇರಿಯ ಓಟು ನಿನ್ನ ಜವಾಬ್ದಾರಿಯಲ್ಲ

ಮೊನ್ನೆ ಸಂಜೆ ಹೆಗಲ ಮೇಲೆ ಪಕ್ಷದ ಶಾಲು ಹಾಕಿಕೊಂಡು ಬಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿದೆ. ಬೂತಿನ ಹೊಣೆ ಸಿಕ್ಕಿದೆ ಎಂದು ನಿನ್ನ ಮುಖದಲ್ಲಿದ್ದ ಕಳೆ ನೋಡಿ ನನಗೂ ಖುಷಿಯಾಯಿತು. ಓದಿದ ಹುಡುಗರು ರಾಜಕೀಯಕ್ಕೆ ಹೋಗಬಾರದು ಎನ್ನುವವನು ನಾನಲ್ಲ. ಆದರೆ ಹೊರಡುವಾಗ ನೀನೊಂದು ಮಾತು ಆಡಿದೆ: "ಆ ಕೇರಿಯ ಓಟು ಆಚೆ ಹೋಗದಂಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ, ಮೇಷ್ಟ್ರೇ." ಅದು ನನ್ನ ನಿದ್ದೆ ಕೆಡಿಸಿತು. ನಿನ್ನ ಜೊತೆ ಇನ್ನಿಬ್ಬರಿದ್ದರು, ಎದುರಿಗೆ ಏನೂ ಅನ್ನಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ, ಮಗಾ.

'ನೋಡಿಕೊಳ್ಳುವುದು' ಅಂದರೆ ಏನೆಂದು ನನಗೆ ಗೊತ್ತು. ಮೂವತ್ತು ವರ್ಷದ ಮೇಷ್ಟರ ಕೆಲಸದಲ್ಲಿ ಚುನಾವಣಾ ಡ್ಯೂಟಿ ತಪ್ಪಿಸಿಕೊಂಡವನಲ್ಲ. ನಾನು ಕಂಡ ಬೂತುಗಳಿಗೆ ಯಾರೂ ಬಂದೂಕು ಹಿಡಿದು ನುಗ್ಗಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ಹಿಂದಿನ ವಾರವೇ ಮನೆ ಬಾಗಿಲಲ್ಲಿ ಬೈಕ್ ನಿಂತಿರುತ್ತಿತ್ತು. "ನಿಮ್ಮ ಹೊಲಕ್ಕೆ ಹೋಗೋ ದಾರಿ ನಮ್ಮ ಜಮೀನಿನ ಮೇಲೇ ಅಲ್ವಾ?" "ಸುಗ್ಗಿಗೆ ಕೂಲಿಗೆ ಕರೀಬೇಕೋ ಬೇಡವೋ?" "ನೀರುಗಂಟಿ ನಮ್ಮವನೇ, ಗೊತ್ತಲ್ಲ?" ಎಲ್ಲವೂ ನಗುನಗುತ್ತಲೇ. ಪೊಲೀಸರು ದೂರು ಬರೆದುಕೊಳ್ಳೋಣವೆಂದರೆ ಅದರಲ್ಲಿ ಒಂದು ಬೈಗುಳವೂ ಸಿಗುವುದಿಲ್ಲ. ಆದರೆ ದಿನಗೂಲಿಯ ಮೇಲೆ ಒಲೆ ಹೊತ್ತುವ ಮನೆಯಲ್ಲಿ ಆ ರಾತ್ರಿ ಯಾರಿಗೂ ಊಟ ಸೇರುವುದಿಲ್ಲ.

2018ರ ವಿಧಾನಸಭಾ ಚುನಾವಣೆ ನನ್ನ ಕೊನೆಯ ಡ್ಯೂಟಿ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಬೆರಳಿಗೆ ಶಾಯಿ ಹಾಕಿಸಿಕೊಂಡು ರಟ್ಟಿನ ಮರೆಗೆ ಹೋದರು. ಎಷ್ಟು ಹೊತ್ತಾದರೂ 'ಬೀಪ್' ಸದ್ದು ಬರಲಿಲ್ಲ. ನಾನು ಹತ್ತಿರ ಹೋಗುವಂತಿಲ್ಲ. ದೂರದಿಂದಲೇ "ಏನಾಯ್ತಮ್ಮಾ?" ಎಂದು ಕೂಗಿದೆ. ಬಗ್ಗಿ ನೋಡಿದರೆ, ವಿವಿಪ್ಯಾಟ್ ಯಂತ್ರದ ಗಾಜಿನ ಕಿಂಡಿಯ ಮೇಲೆ ಸೆರಗು ಹೊದಿಸಿ ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದಾರೆ! "ಇದು ಫೋಟೊ ಹಿಡೀತದಂತಲ್ಲ ಸ್ವಾಮಿ, ಹುಡುಗ್ರು ಹೇಳಿದ್ರು" ಅಂದರು. ಫೋಟೊ ಇಲ್ಲ ತಾಯಿ, ಒತ್ತಿದ ಗುರುತಿನ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ಆಮೇಲೆ ಡಬ್ಬಕ್ಕೆ ಬೀಳುತ್ತದೆ, ಅದರ ಮೇಲೆ ನಿಮ್ಮ ಹೆಸರೇ ಇರುವುದಿಲ್ಲ ಅಂದೆ. ನಂಬಿದರೋ ಇಲ್ಲವೋ. ಸೆರಗು ತೆಗೆಯದೆಯೇ ಗುಂಡಿ ಒತ್ತಿ, ತಲೆ ತಗ್ಗಿಸಿ ಹೊರಟುಹೋದರು. ಗೇಟಿನಾಚೆ ನಿಂತಿದ್ದ ಹುಡುಗರಲ್ಲಿ ಒಬ್ಬ ನನ್ನ ಹತ್ತಿರವೇ ಅಕ್ಷರ ಕಲಿತವನು. ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ಒಬ್ಬೊಬ್ಬರ ಓಟು ಗುಟ್ಟು, ಅದು ನಿಜ. ಆದರೆ ಬೂತಿನ ಓಟು ಗುಟ್ಟಲ್ಲ, ಇದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಮತಪತ್ರದ ಕಾಲದಲ್ಲಿ, ಮತದಾರರ ಮೇಲೆ ಹಗೆ ಸಾಧಿಸುವ ಭಯವಿದ್ದ ಕಡೆ ಹಲವು ಬೂತುಗಳ ಪತ್ರಗಳನ್ನು ಬೆರೆಸಿ ಎಣಿಸಲು 1961ರ ನಿಯಮಗಳಲ್ಲಿ ಅವಕಾಶವಿತ್ತು. ಯಂತ್ರ ಬಂದ ಮೇಲೆ ಲೆಕ್ಕ ಬೂತುವಾರು ಆಯಿತು. ಯಾವ ಕೇರಿ ಯಾರಿಗೆ ಕೈ ಕೊಟ್ಟಿತು ಎಂದು ಎಣಿಕೆಯ ದಿನವೇ ಮುಖಂಡರು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಆ ಕೇರಿಯ ಬೀದಿದೀಪ ಕೆಟ್ಟರೆ ಕೇಳುವವರಿಲ್ಲ. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ 'ಟೋಟಲೈಸರ್' ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತು. ಕಾನೂನು ಆಯೋಗವೂ 2015ರ ತನ್ನ 255ನೇ ವರದಿಯಲ್ಲಿ ಬೇಕೆಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಬಡವರಿಗೆ ಆದ ದೊಡ್ಡ ಅನ್ಯಾಯ. ನೀನು ಪಕ್ಷದಲ್ಲಿ ಬೆಳೆಯುವವನು. ಜಗಳ ಆಡುವುದಾದರೆ ಇದಕ್ಕಾಗಿ ಆಡು.

ಕಾನೂನನ್ನೂ ಒಂದು ಸಲ ಓದಿಕೋ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಎ ಕಲಮಿನ ಪ್ರಕಾರ ಮತದಾರನನ್ನು ನೇರವಾಗಿಯೋ ಸುತ್ತುಬಳಸಿಯೋ ಬೆದರಿಸಿ ಬೂತಿಗೆ ಹೋಗದಂತೆ ತಡೆಯುವುದೂ ಬೂತ್ ವಶಪಡಿಸಿಕೊಂಡದ್ದಕ್ಕೇ ಸಮ. ಕನಿಷ್ಠ ಒಂದು ವರ್ಷ ಜೈಲು. ಪರಿಶಿಷ್ಟರನ್ನು ಇಂಥವರಿಗೇ ಓಟು ಹಾಕು ಎಂದೋ ಹಾಕಬೇಡ ಎಂದೋ ಹೆದರಿಸಿದರೆ ಅದು ದೌರ್ಜನ್ಯ ತಡೆ ಕಾಯ್ದೆಯ ಅಪರಾಧ. ಜೈಲಿಗೆ ಹೋಗುವವನು ನಿನಗೆ ಶಾಲು ಹೊದಿಸಿದ ಮುಖಂಡನಲ್ಲ. ಬೈಕ್ ಮೇಲೆ ಹೋದವನು ನೀನು, ಮಾತಾಡಿದವನೂ ನೀನು.

ಉದ್ದೇಶ ಒಳ್ಳೆಯದಿದ್ದರೂ ಅಷ್ಟೇ. 2024ರ ಏಪ್ರಿಲ್ 26ರಂದು ಮಲೆ ಮಹದೇಶ್ವರ ಬೆಟ್ಟದ ಕಾಡಿನ ಇಂಡಿಗನತ್ತದಲ್ಲಿ ಏನಾಯಿತು? ರಸ್ತೆ, ಕರೆಂಟು ಕೇಳಿ ಊರವರು ಮತದಾನ ಬಹಿಷ್ಕರಿಸಿದ್ದರು. ಅವರ ಬೇಡಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೆಲವರು ಓಟು ಹಾಕಲು ಹೊರಟಾಗ ಗಲಾಟೆಯಾಗಿ ಮತಯಂತ್ರ ಒಡೆದುಹೋಯಿತು, ಮೂರು ದಿನದ ಮೇಲೆ ಮರುಮತದಾನ ನಡೆಯಿತು. ತಾನು ಓಟು ಹಾಕುವುದಿಲ್ಲ ಎನ್ನಲು ಎಲ್ಲರಿಗೂ ಹಕ್ಕಿದೆ. ಪಕ್ಕದ ಮನೆಯವನೂ ಹಾಕಬಾರದು ಎನ್ನಲು ಯಾರಿಗೂ ಇಲ್ಲ.

ಇನ್ನೊಂದು ವಿಷಯ. ಸಾಲ ಕೊಟ್ಟವರು ಮತದಾನದ ಮುಂಚಿನ ದಿನ ಮತದಾರರ ಗುರುತಿನ ಚೀಟಿ ಇಸಿದುಕೊಂಡು ಇಟ್ಟುಕೊಳ್ಳುವುದುಂಟು. ಆ ಚೀಟಿ ಕೈಯಲ್ಲಿಲ್ಲದಿದ್ದರೂ ಓಟು ಹಾಕಬಹುದು: ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್ ಆಗುತ್ತದೆ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಆಗುತ್ತದೆ, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಆಗುತ್ತದೆ. ತನ್ನ ಓಟನ್ನು ಬೇರೆಯವರು ಹಾಕಿಬಿಟ್ಟಿದ್ದರೂ ಬರಿಗೈಯಲ್ಲಿ ವಾಪಸ್ ಬರಬೇಕಿಲ್ಲ, ಅಧಿಕಾರಿಯನ್ನು ಕೇಳಿದರೆ ಬೇರೆ ಮತಪತ್ರ ಕೊಡಬೇಕು. ಹೆದರಿಸುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಹೆದರುವವರಿಗೆ ಹೇಳುವವರಿಲ್ಲ.

ಓಟು ಕೇಳು, ನಿನ್ನ ಪಕ್ಷ ಯಾಕೆ ಬೇಕೆಂದು ಕೈಮುಗಿದು ಹೇಳು. ಅದು ನಿನ್ನ ಹಕ್ಕು. ಆ ಅಜ್ಜಿಯಂಥವರು ನಿನ್ನ ಪಾಲಿಗೆ ಬಂದ ಕೇರಿಯಲ್ಲೂ ಇದ್ದಾರೆ. ಈ ಭಾನುವಾರ ಬೈಕ್ ಬಿಟ್ಟು, ಶಾಲು ಮನೆಯಲ್ಲಿಟ್ಟು ಅಲ್ಲಿಗೆ ನಡೆದುಹೋಗು. ಜಗಲಿ ಮೇಲೆ ಕೂತು, ಆ ಯಂತ್ರ ಯಾರ ಫೋಟೊವನ್ನೂ ಹಿಡಿಯುವುದಿಲ್ಲ ಎಂದು ಅವರಿಗೆ ನೀನೇ ಹೇಳಿ ಬಾ.