ಗಾಲಿಯೊಳಗಿನ ಗಲಗಲ

ತಮ್ಮಾ, ಹಂಪಿಗೆ ಬರುವವರಿಗೆ ಬಾಡಿಗೆಗೆ ಕೊಡೋಣ ಅಂತ ಗೇರ್ ಸೈಕಲ್ ತಂದು ಕಮಲಾಪುರದಲ್ಲಿ ಅಂಗಡಿ ಹಾಕಿದ್ದೀಯ ಅಂತ ನಿಮ್ಮವ್ವ ಹೇಳಿದಳು. ಒಳ್ಳೆಯದಾಯ್ತು. ಪಂಕ್ಚರ್ ಹಾಕುವುದನ್ನು ನಾನು ಹೇಳಿಕೊಡಬೇಕಾಗಿಲ್ಲ, ನಮ್ಮ ಸೀಮೆಯ ಬಳ್ಳಾರಿ ಜಾಲಿಯೇ ಅದನ್ನು ಕಲಿಸಿಬಿಡುತ್ತದೆ. ಆದರೆ ಫೋನಿನಲ್ಲಿ ಕೇಳಿದೆಯಲ್ಲ, "ಮಾವ, ಗಾಲಿ ತಿರುಗಿಸಿದರೆ ರಿಮ್ಮಿನೊಳಗೆ ಏನೋ ಗಲಗಲ ಅಂತದೆ, ರಿಮ್ಮೇ ಬದಲಿಸಿಬಿಡಲಾ?" ಅಂತ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧ ಆ ಕಿವಿಯಿಂದ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ರಿಮ್ ಬದಲಿಸಬೇಡ. ಪಾನವನ್ನೂ ಈಗಲೇ ಕೈಗೆ ತಗೊಬೇಡ. ಮೊದಲು ಸದ್ದು ಕೇಳು.

ಸೈಕಲ್ಲನ್ನು ಹ್ಯಾಂಡಲ್ ಹಿಡಿದು ಮೆಲ್ಲಗೆ ನಡೆಸು. ಗಲಗಲ ಬಂತಾ? ಈಗ ಹತ್ತಿ ನಾಲ್ಕು ಮಾರು ಜೋರಾಗಿ ತುಳಿ. ಸದ್ದು ನಿಂತಿತಾ? ನಿಂತಿದ್ದರೆ ರಿಮ್ಮಿನ ಹೊಟ್ಟೆಯಲ್ಲಿ ಏನೋ ಬಿಡಿಯಾಗಿ ಬಿದ್ದಿದೆ. ಗಾಲಿ ನಿಧಾನ ತಿರುಗುವಾಗ ಆ ತುಣುಕು ಮೇಲೆ ಹೋಗಿ ಕೆಳಗೆ ಬೀಳುತ್ತದೆ, ಪ್ರತಿ ಸುತ್ತಿಗೂ ಟಣ್ ಅಂತ ಬಡಿಯುತ್ತದೆ. ವೇಗ ಹೆಚ್ಚಿದರೆ ಹೊರಗಡೆಯ ಗೋಡೆಗೆ ಒತ್ತಿಕೊಂಡು ಅಂಟಿದ ಹಾಗೆ ಕೂತುಬಿಡುತ್ತದೆ, ಬೀಳುವುದೇ ಇಲ್ಲ. 26 ಇಂಚಿನ ಗಾಲಿಗೆ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 7 ಕಿ.ಮೀ. ದಾಟಿದ ಕೂಡಲೇ ಹೀಗಾಗುತ್ತದೆ, ಅಂದರೆ ಬಿರಬಿರನೆ ನಡೆಯುವವನ ವೇಗಕ್ಕೆ ಸ್ವಲ್ಪ ಮೇಲೆ. ಸಣ್ಣವನಿದ್ದಾಗ ಸ್ಪೋಕಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಮಣಿ ಸಿಕ್ಕಿಸಿಕೊಂಡು ಓಣಿ ಸುತ್ತಿದ್ದೆಯಲ್ಲ, ತಳ್ಳಿಕೊಂಡು ಹೋಗುವಾಗ ಟಿಕಟಿಕ, ಓಡಿಸುವಾಗ ಸುಮ್ಮನೆ. ಅದಕ್ಕೂ ಇದೇ ಕಾರಣ.

ವೇಗ ಹೆಚ್ಚಿದ ಹಾಗೆ ಸದ್ದೂ ಹೆಚ್ಚುತ್ತಾ ಹೋದರೆ ರಿಮ್ಮಿನ ತಂಟೆಗೇ ಹೋಗಬೇಡ. ಮಡ್‌ಗಾರ್ಡಿನ ಕಡ್ಡಿಯ ಸ್ಕ್ರೂ, ಚೈನ್ ಕವರ್, ಕ್ಯಾರಿಯರ್, ಸ್ಟ್ಯಾಂಡಿನ ಸ್ಪ್ರಿಂಗ್, ರಿಫ್ಲೆಕ್ಟರ್, ಇವನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಹಿಡಿದು ನೋಡು. ನಿನ್ನಂಥ ಹುಡುಗರು "ರಿಮ್ ಸೌಂಡು" ಅಂತ ಹೇಳಿಕೊಂಡು ತರುವ ಸೈಕಲ್ಲುಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಗಲಗಲ ಅಲ್ಲದೆ ಗರಗರ ಅಂತ ಅರೆದ ಹಾಗೆ ಕೇಳಿದರೆ ಅದು ಹಬ್ಬಿನದು. ಸಂಡೂರಿನ ಕಡೆ ಅದಿರಿನ ಲಾರಿ ಓಡಾಡುವ ದಾರಿಯಲ್ಲಿ ದಿನಾ ತುಳಿಯುವವರ ಸೈಕಲ್ ಬಿಚ್ಚಿ ನೋಡು, ಗ್ರೀಸೆಲ್ಲ ಕೆಂಪಗಾಗಿರುತ್ತದೆ. ಆ ಕೆಂಧೂಳು ಗ್ರೀಸಿಗೆ ಕಲೆತರೆ ಸಾಣೆ ಹಿಡಿಯುವ ಮಸಾಲೆಯೇ ಸರಿ, ಕೋನು, ಗುಂಡು ಎರಡನ್ನೂ ತಿನ್ನುತ್ತದೆ. ಅದರ ಕಥೆ ಇನ್ನೊಮ್ಮೆ.

ಇನ್ನು, ಎಲ್ಲ ರಿಮ್ಮಿಗೂ ಹೊಟ್ಟೆ ಇರುವುದಿಲ್ಲ. ಕಂಪ್ಲಿಯ ಕಡೆ ಭತ್ತದ ಚೀಲ ಹೇರಿಕೊಂಡು ಓಡಾಡುತ್ತಿದ್ದವಲ್ಲ, ಆ 28 ಇಂಚಿನ ಕರಿ ಸೈಕಲ್ಲು, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ. ಅದರ ರಿಮ್ಮು ಉಕ್ಕಿನ ಒಂದೇ ತಗಡು ಬಾಗಿಸಿ ಮಾಡಿದ್ದು. ಟೈರು ಟ್ಯೂಬು ತೆಗೆದರೆ ಕಡ್ಡಿಯ ತುದಿ ಹಿಡಿಯುವ ನಿಪ್ಪಲ್ಲಿನ ತಲೆಗಳು ಎದುರಿಗೇ ಕಾಣುತ್ತವೆ, ಬಿಡಿ ಸಾಮಾನು ಅಡಗಿ ಕೂರಲು ಜಾಗವೇ ಇಲ್ಲ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲು ಯಾವುದಾದರೂ ಬಂದರೂ ಮೊದಲು ರಿಮ್ಮು ಯಾವ ಜಾತಿಯದು ಅಂತ ನೋಡಿಕೋ. ಉಕ್ಕಿನ ಒಂಟಿ ತಗಡಾದರೆ ಮೇಲೆ ಹೇಳಿದ ಮಡ್‌ಗಾರ್ಡಿನಿಂದಲೇ ಹುಡುಕಲು ಶುರು ಮಾಡು. ನಿನ್ನ ಅಂಗಡಿಯ ಅಲ್ಯೂಮಿನಿಯಂ ರಿಮ್ಮಿಗೆ ಎರಡು ಗೋಡೆ, ನಡುವೆ ಪೊಳ್ಳು. ಕಡ್ಡಿಯ ಕಡೆಯ ಗೋಡೆಗೆ ಸಣ್ಣ ತೂತು, ನಿಪ್ಪಲ್ಲಿನ ತಲೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಟೈರಿನ ಕಡೆಯ ಗೋಡೆಗೆ ದೊಡ್ಡ ತೂತು, ನಿಪ್ಪಲ್ ಇಳಿಸಲಿಕ್ಕೆ. ಗಲಗಲ ಹುಟ್ಟುವುದು ಈ ಪೊಳ್ಳಿನಲ್ಲೇ.

ಒಳಗೆ ಏನು ಬಿದ್ದಿರುತ್ತದೆ? ಸಾಮಾನ್ಯವಾಗಿ ನಿಪ್ಪಲ್ಲು. ಹಿಂದಿನ ಗಾಲಿಯಲ್ಲಿ ಫ್ರೀವೀಲ್ ಕಡೆಯ ಕಡ್ಡಿ ಹಬ್ಬಿನ ಹತ್ತಿರ, ಬಾಗಿದ ಕಡೆ ಮುರಿಯುತ್ತದೆ. ಬಾಡಿಗೆಗೆ ಒಯ್ದವನು ದಾರಿಯಲ್ಲಿ ಮುರಿದ ಕಡ್ಡಿಯನ್ನು ತಿರುವಿ ಕಿತ್ತು ಎಸೆದು ಬರುತ್ತಾನೆ, ನಿಪ್ಪಲ್ಲು ರಿಮ್ಮಿನಲ್ಲೇ ಉಳಿಯುತ್ತದೆ. ಹಿಡಿದುಕೊಳ್ಳಲು ಕಡ್ಡಿ ಇಲ್ಲದ ಮೇಲೆ ಅದು ಒಳಗೆ ಜಾರುತ್ತದೆ. ಕೆಲವು ಸಲ ನಿಪ್ಪಲ್ಲಿನ ಕತ್ತೇ ಮುರಿದು ತಲೆ ಮಾತ್ರ ಒಳಗೆ ಬಿದ್ದಿರುತ್ತದೆ. ಕಾರ್ಖಾನೆಯಲ್ಲಿ ತೂತು ಕೊರೆದಾಗ ಉಳಿದ ಚೂರು, ರಿಮ್ಮಿನ ಕೀಲಿನಲ್ಲಿ ಕೂರಿಸಿದ ಪಟ್ಟಿಯ ತುಂಡು, ಹೀಗೆ ಇನ್ನೂ ಏನೇನೋ ಸಿಗುತ್ತವೆ. ತಳವಾರಘಟ್ಟದಲ್ಲಿ ದೋಣಿ ಹತ್ತಿಸಿ ಆನೆಗೊಂದಿಗೆ ಒಯ್ದ ಸೈಕಲ್ಲು ನೀರಲ್ಲಿ ನಿಂತು ಬಂದರೆ, ಇಲ್ಲವೇ ನೀನೇ ಪೈಪು ಬಿಟ್ಟು ಜೋರಾಗಿ ತೊಳೆದರೆ ಗಲಗಲ ಬದಲು ಜುಳುಜುಳು ಅನ್ನಬಹುದು. ಹೆದರಬೇಡ. ಟ್ಯೂಬ್ ತೆಗೆದು, ವಾಲ್ವಿನ ತೂತು ಕೆಳಗೆ ಬರುವ ಹಾಗೆ ಒಂದು ರಾತ್ರಿ ತೂಗುಹಾಕು, ಸಾಕು.

ಈಗ ಕೆಲಸಕ್ಕೆ ಬಾ. ಗಾಳಿ ಪೂರ್ತಿ ಬಿಡು, ಗಾಲಿ ಬಿಚ್ಚು, ಟೈರು, ಟ್ಯೂಬು, ರಿಮ್ ಟೇಪು ತೆಗೆ. ಟೇಪನ್ನು ಕತ್ತರಿಸಬೇಡ, ಸ್ಕ್ರೂಡ್ರೈವರಿನಲ್ಲಿ ಅಂಚೆತ್ತಿ ಬಿಡಿಸು. ನೆಲದ ಮೇಲೆ ಬಿಳಿ ಟವೆಲ್ ಹಾಸಿ, ಗಾಲಿಯನ್ನು ಉರುಳಿಸುವಾಗ ಇರುವ ಹಾಗೆ ನೆಟ್ಟಗೆ, ನೆಲದಿಂದ ಗೇಣು ಎತ್ತರಕ್ಕೆ ಹಿಡಿ. ಹುಡುಗರು ಎಡವುವುದು ಇಲ್ಲೇ. ಗಾಲಿಯನ್ನು ಮಲಗಿಸಿ ತಟ್ಟುತ್ತಾರೆ, ಅಡ್ಡಡ್ಡ ಕುಲುಕುತ್ತಾರೆ, ಏನೂ ಬೀಳುವುದಿಲ್ಲ. ನೆಟ್ಟಗೆ ಹಿಡಿದರೆ ತುಣುಕು ತಾನಾಗಿ ತಳಕ್ಕೆ ಬರುತ್ತದೆ, ತಳದಲ್ಲಿ ಅದರ ಕೆಳಗಿರುವುದು ಟೈರಿನ ಕಡೆಯ ಗೋಡೆ, ಅಂದರೆ ದೊಡ್ಡ ತೂತಿನ ಗೋಡೆ. ಮುರಿದ ತಲೆಯಾದರೆ ಹಿಂದೆ ಮುಂದೆ ತೂಗುತ್ತಿದ್ದಂತೆ ಟವೆಲ್ ಮೇಲೆ ಬೀಳುತ್ತದೆ. ಇಡೀ ನಿಪ್ಪಲ್ಲು ಉದ್ದಕ್ಕೆ ಮಲಗಿಕೊಂಡು ತೂತನ್ನು ದಾಟಿ ಜಾರಿಬಿಡುತ್ತದೆ. ಅದರ ಒಂದು ತುದಿ ತೂತಿನಲ್ಲಿ ಇಣುಕಿದಾಗ ಗಾಲಿಯನ್ನು ಹಾಗೇ ನಿಲ್ಲಿಸಿ, ತುದಿ ಬಗ್ಗಿಸಿದ ಹಳೇ ಕಡ್ಡಿಯಲ್ಲಿ ಎಳೆದುಕೋ. ಥ್ರೆಡ್ಡಿನ ಬಾಯಿ ಎದುರಿಗೆ ಸಿಕ್ಕರೆ ಇನ್ನೂ ಸುಲಭ, ಕಡ್ಡಿಯ ಥ್ರೆಡ್ ತುದಿಯನ್ನು ಎರಡು ಸುತ್ತು ಹಾಕಿದರೆ ಹಿಡಿದುಕೊಂಡು ಬರುತ್ತದೆ. ಅಯಸ್ಕಾಂತದ ಭರವಸೆ ಬೇಡ, ಹಿತ್ತಾಳೆಯನ್ನೂ ಅಲ್ಯೂಮಿನಿಯಮನ್ನೂ ಅದು ಮೂಸಿಯೂ ನೋಡುವುದಿಲ್ಲ.

ಕೆಲವರು ವಾಲ್ವಿನ ತೂತಿನಿಂದ ಅಂಟು ಸುರಿದು ಗಾಲಿ ತಿರುಗಿಸಿಬಿಡುತ್ತಾರೆ. ಸದ್ದು ನಿಲ್ಲುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ನನಗೆ ಆ ಕೆಲಸ ಸೇರುವುದಿಲ್ಲ. ಒಳಗೆ ಬಿದ್ದಿರುವುದು ನಿಪ್ಪಲ್ಲಾದರೆ ಎಲ್ಲೋ ಒಂದು ಕಡ್ಡಿ ಇಲ್ಲ ಅಂತಾಯ್ತಲ್ಲ? ಅದರ ಪಾಲಿನ ಭಾರವನ್ನು ಪಕ್ಕದ ಕಡ್ಡಿಗಳು ಹೊರುತ್ತಿರುತ್ತವೆ, ಮುಂದಿನ ಸರದಿ ಅವುಗಳದೇ. ಅಂಟಿಗೆ ಒಂದೇ ಕಡೆ ನನ್ನ ಒಪ್ಪಿಗೆ: ರಿಮ್ಮಿನ ಕೀಲಿನ ಒಳಪಟ್ಟಿಯೇ ಸಡಿಲಾಗಿ ಅದುರುತ್ತಿದ್ದು, ಕೀಲು ಬಾಯಿ ಬಿಟ್ಟಿರದಿದ್ದರೆ. ಕೀಲು ಸಾಮಾನ್ಯವಾಗಿ ವಾಲ್ವಿನ ತೂತಿಗೆ ಸರಿಯಾಗಿ ಎದುರು ಬದಿಗೆ ಇರುತ್ತದೆ. ಅಲ್ಲಿ ಮಾತ್ರ ತೆಳು ಎಪಾಕ್ಸಿ ನಾಲ್ಕು ಹನಿ ಬಿಟ್ಟು ಒಣಗಿಸು.

ಹೊರಬಂದದ್ದನ್ನು ಎಸೆಯುವ ಮುಂಚೆ ಅಂಗೈಯಲ್ಲಿಟ್ಟು ನೋಡು. ಇಡೀ ನಿಪ್ಪಲ್ಲಾದರೆ ಕಡ್ಡಿ ಮುರಿದದ್ದು, ಕಡ್ಡಿ ಮುರಿಯುವುದು ಹೆಚ್ಚಾಗಿ ಸಡಿಲ ಬಿಟ್ಟದ್ದಕ್ಕೆ. ಸಡಿಲ ಕಡ್ಡಿ ಪ್ರತಿ ಸುತ್ತಿಗೂ ಬಾಗಿ ಬಾಗಿ ಒಂದು ದಿನ ಸೋಲುತ್ತದೆ. ತಲೆ ಮಾತ್ರ ಬಂದಿದ್ದರೆ ಉದ್ದ ಸಾಲದ ಕಡ್ಡಿ ಹಾಕಿದ್ದಾರೆ ಅಂತ ಅನುಮಾನಪಡು. ಕಡ್ಡಿಯ ತುದಿ ನಿಪ್ಪಲ್ಲಿನ ತಲೆಯೊಳಗಿನವರೆಗೆ ಬರಬೇಕು, ಕತ್ತಿನ ಕೆಳಗೇ ನಿಂತರೆ ಎಳೆತವೆಲ್ಲ ಕತ್ತಿನ ಮೇಲೆ ಬಿದ್ದು ಅದು ಕಳಚುತ್ತದೆ. ಅಲ್ಯೂಮಿನಿಯಂ ನಿಪ್ಪಲ್ಲಿಗೆ ಈ ಜಡ್ಡು ಜಾಸ್ತಿ. ಬಾಡಿಗೆ ಸೈಕಲ್ಲಿಗೆ ಹಿತ್ತಾಳೆಯದೇ ಹಾಕು, ನಾಲ್ಕು ಗ್ರಾಂ ಉಳಿಸಿ ನಿನಗೇನೂ ಆಗಬೇಕಾಗಿಲ್ಲ. ಚೂರು ಅಲ್ಯೂಮಿನಿಯಂ ತಗಡಿನ ಹಾಗಿದ್ದರೆ ಎಲ್ಲ ನಿಪ್ಪಲ್ಲಿನ ಸುತ್ತ ಒದ್ದೆ ಬಟ್ಟೆಯಿಂದ ಒರೆಸಿ ಬಿರುಕು ಹುಡುಕು. ಬಿರುಕು ಸಿಕ್ಕಿತಾ, ಆಗ ಮಾತ್ರ ರಿಮ್ ಬದಲಿಸುವ ಮಾತು.

ಮುರಿದದ್ದರ ಜಾಗಕ್ಕೆ ಹೊಸ ಕಡ್ಡಿ ಹಾಕಿದ ಮೇಲೆ ಪ್ರತಿಯೊಂದನ್ನೂ ಉಗುರಿನಿಂದ ಮೀಟು. ವಿಜಯ ವಿಠ್ಠಲ ಗುಡಿಯ ಸ್ವರದ ಕಂಬಗಳ ಹಾಗೆ ಒಂದೊಂದೂ ದನಿ ಕೊಡುತ್ತದೆ. ಆ ಕಂಬಗಳನ್ನು ಬಂದವರೆಲ್ಲ ತಟ್ಟಿ ತಟ್ಟಿ ಸವೆಸಿದ್ದಕ್ಕೆ ಈಗ ಮುಟ್ಟಲು ಬಿಡುವುದಿಲ್ಲ. ಇಲ್ಲಿ ನಿನ್ನನ್ನು ತಡೆಯುವವರಿಲ್ಲ, ಮನಸಾರೆ ಮೀಟು. ಆದರೆ ಹಿಂದಿನ ಗಾಲಿಯಲ್ಲಿ ಬಲಗಡೆ ಕಡ್ಡಿಗಳನ್ನು ಬಲಗಡೆಯವಕ್ಕೇ ಹೋಲಿಸು, ಎಡಗಡೆಯವನ್ನು ಎಡಗಡೆಯವಕ್ಕೆ. ಫ್ರೀವೀಲ್ ಇರುವ ಕಡೆ ಬಿಗಿ ಜಾಸ್ತಿ, ದನಿಯೂ ಮೇಲೆ. ಎರಡೂ ಒಂದೇ ಆಗಲಿ ಅಂತ ಬಿಗಿದೆಯೋ, ಗಾಲಿ ಒಂದು ಕಡೆ ವಾಲುತ್ತದೆ. ಗಾಲಿಯ ಔಟ್, ಅಂದರೆ ಓಲಾಟ, ತೆಗೆಯುವಾಗ ನಿಪ್ಪಲ್ಲನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುವಬೇಡ.

ಟೇಪ್ ಹಾಕುವಾಗ ಅವಸರ ಮಾಡಬೇಡ. ಪ್ರತಿ ತೂತೂ ಮುಚ್ಚಬೇಕು, ವಾಲ್ವಿನದಕ್ಕೆ ಮಾತ್ರ ವಿನಾಯಿತಿ. ಒಂದು ತೂತು ಅರ್ಧ ತೆರೆದಿದ್ದರೂ ಗಾಳಿ ತುಂಬಿದ ಟ್ಯೂಬು ಅದರೊಳಗೆ ಗುಳ್ಳೆಯಾಗಿ ಇಳಿದು ಒಡೆಯುತ್ತದೆ. ಮುಂದೆ ಪಂಕ್ಚರ್ ಬಂದಾಗ ಟ್ಯೂಬಿನ ತೂತು ಕಡ್ಡಿಯ ಕಡೆಗಿದ್ದರೆ ಟೇಪಿನ ತಪ್ಪು, ಟೈರಿನ ಕಡೆಗಿದ್ದರೆ ಜಾಲಿ ಮುಳ್ಳಿನ ಕೆಲಸ. ಟೇಪು ಹರಿದಿದ್ದು ಕೈಯಲ್ಲಿ ಬೇರೆ ಇಲ್ಲದಿದ್ದರೆ ಹಳೇ ಟ್ಯೂಬನ್ನು ಉದ್ದಕ್ಕೆ ಪಟ್ಟಿ ಸೀಳಿ ಹಾಕು, ಅದೂ ನಡೆಯುತ್ತದೆ.

ಗಿರಾಕಿಯ ಸೈಕಲ್ಲಾದರೆ ಹೊರಬಂದ ತುಣುಕನ್ನು ಅವನ ಕೈಗೆ ಕೊಟ್ಟು ಆಮೇಲೆ ದುಡ್ಡು ಕೇಳು. ಅಷ್ಟೆಲ್ಲ ಬಿಚ್ಚಿ ಕೂಡಿಸಿದ್ದಕ್ಕೆ ಕೂಲಿ ಕೇಳಲು ನಿನಗೂ ಮುಜುಗರವಾಗುವುದಿಲ್ಲ, ಕೊಡಲು ಅವನಿಗೂ ಬೇಸರವಿರುವುದಿಲ್ಲ. ನಿನ್ನದೇ ಬಾಡಿಗೆ ಸೈಕಲ್ಲುಗಳಾದರೆ ಸಂಜೆ ಒಳಗಿಡುವಾಗ ಒಂದೊಂದು ಗಾಲಿಯನ್ನೂ ಎತ್ತಿ ನಿಧಾನ ಒಂದು ಸುತ್ತು ತಿರುಗಿಸಿ ಕಿವಿಗೊಡು. ಯಾವುದಾದರೂ ಟಣ್ ಅಂದರೆ ಹ್ಯಾಂಡಲ್ಲಿಗೆ ದಾರ ಕಟ್ಟಿ ಪಕ್ಕಕ್ಕಿಡು, ಮರುದಿನ ಬಾಡಿಗೆಗೆ ಕೊಡಬೇಡ. ಮತ್ತೆ, ನಿಮ್ಮವ್ವನ ಕೈಯಲ್ಲಿ ಹಿತ್ತಾಳೆ ನಿಪ್ಪಲ್ಲಿನ ಒಂದು ಡಬ್ಬಿ ಕಳಿಸುತ್ತಿದ್ದೇನೆ. ಎಲ್ಲ ಒಂದೇ ಅಳತೆಯವಲ್ಲ, ನಿನ್ನ ಕಡ್ಡಿಗೆ ಹಾಕಿ ನೋಡಿ ಬೇರೆ ಮಾಡಿಕೋ.