ಗೀರು ಹೋಗಲಿ, ಮುಖ ಉಳಿಯಲಿ

ಪ್ರಶ್ನೆ: ನಮ್ಮ ತಂದೆ-ತಾಯಿಯ ಮದುವೆಯ ಕಲರ್ ಫೋಟೋ ಆಲ್ಬಮ್‌ನಲ್ಲಿದ್ದ ಹಾಗೆಯೇ ಕೆಂಪಗಾಗಿದೆ. ತಂದೆಯವರ ಕೆನ್ನೆಯ ಮೇಲೆ ಗೀರೂ ಬಿದ್ದಿದೆ. ಕಂಪ್ಯೂಟರಿನಲ್ಲಿ ಇದನ್ನು ಸರಿಪಡಿಸಲು ನಾನೇ ಕಲಿಯಬಹುದೇ? ಸಾಫ್ಟ್‌ವೇರ್ ಕೊಳ್ಳಲೇಬೇಕೇ?
— ಓದುಗರು, ಮಳವಳ್ಳಿ

ಉತ್ತರ: ಖಂಡಿತ ಕಲಿಯಬಹುದು, ಕೊಳ್ಳಬೇಕಾಗಿಲ್ಲ. 1990ರಲ್ಲಿ ಬಂದ ಫೋಟೋಶಾಪ್ ಈ ಕೆಲಸಕ್ಕೆ ಹೆಸರುವಾಸಿ, ಆದರೆ ಅದಕ್ಕೆ ಚಂದಾ ಕಟ್ಟಬೇಕು. ಗಿಂಪ್ ಪೂರ್ತಿ ಉಚಿತ. ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಶುರುಮಾಡಿದ ಇದು 1996ರಿಂದ ಎಲ್ಲರಿಗೂ ಸಿಗುತ್ತಿದೆ. ನಿಮ್ಮ ಫೋಟೋಗೆ ಬೇಕಾದುದೆಲ್ಲ ಇದರಲ್ಲೇ ಇದೆ.

ಮೊದಲು ಸ್ಕ್ಯಾನ್. ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆದರೆ ಹೊಳಪು ಬೀಳುತ್ತದೆ, ಅಂಚು ಸೊಟ್ಟಗಾಗುತ್ತದೆ. ಮಂಡ್ಯದಲ್ಲೋ ಮದ್ದೂರಿನಲ್ಲೋ ಸ್ಟುಡಿಯೋಗೆ ಕೊಡುವುದಾದರೆ ‘600 ಡಿಪಿಐ, ಟಿಫ್ ಫೈಲ್’ ಎಂದು ಹೇಳಿ. 4×6 ಇಂಚಿನ ಫೋಟೋ ಹೀಗೆ ಸ್ಕ್ಯಾನ್ ಆದರೆ 2400×3600 ಪಿಕ್ಸೆಲ್ ಸಿಗುತ್ತದೆ. ಗೋಡೆಗೆ ಹಾಕುವ 8×12 ಇಂಚಿನ ಪ್ರಿಂಟಿಗೆ ಅಷ್ಟು ಸಾಕು. ಜೆಪೆಗ್ ಬೇಡ, ತಿದ್ದಿ ತಿದ್ದಿ ಸೇವ್ ಮಾಡಿದಂತೆ ಅದರ ವಿವರ ಸವೆಯುತ್ತಾ ಹೋಗುತ್ತದೆ. ಗಿಂಪ್‌ನಲ್ಲಿ ಫೈಲ್ ತೆರೆದ ಕೂಡಲೇ ಲೇಯರ್‌ನ ನಕಲು ಮಾಡಿಕೊಂಡು ಆ ನಕಲಿನ ಮೇಲಷ್ಟೇ ಕೆಲಸ ಮಾಡಿ. ಕೆಟ್ಟರೆ ಅಳಿಸಿದರಾಯಿತು, ಮೂಲ ಕೆಳಗೆ ಹಾಗೇ ಇರುತ್ತದೆ.

ಇನ್ನು ಕೆಂಪು. ಹಳೆಯ ಕಲರ್ ಪ್ರಿಂಟಿನಲ್ಲಿ ಸಯಾನ್, ಮಜೆಂಟಾ, ಹಳದಿ ಎಂಬ ಮೂರು ಬಣ್ಣಗಳಿರುತ್ತವೆ. ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಸಯಾನ್ ಹೆಚ್ಚು ಮಾಸಿದಾಗ ಚಿತ್ರ ಕೆಂಪಾಗುತ್ತದೆ. ‘ಲೆವೆಲ್ಸ್’ ತೆರೆದು ಕೆಂಪು ಚಾನೆಲ್ ಆರಿಸಿ. ಗ್ರಾಫಿನ ಗುಡ್ಡ ಬಲಕ್ಕೆ ಒತ್ತಿಕೊಂಡಿರುತ್ತದೆ. ಎಡಗಡೆಯ ಕಪ್ಪು ಗುಂಡಿಯನ್ನು ಆ ಗುಡ್ಡ ಶುರುವಾಗುವ ತನಕ ಎಳೆಯಿರಿ. ಹಸಿರು, ನೀಲಿಗೂ ಎರಡು ತುದಿಗಳನ್ನು ಹೀಗೇ ಹೊಂದಿಸಿ. ತಂದೆಯವರ ಬಿಳಿ ಪಂಚೆ ಬಿಳಿಯಾಗಿ ಕಂಡರೆ ಉಳಿದ ಬಣ್ಣಗಳೂ ಬಹುಮಟ್ಟಿಗೆ ದಾರಿಗೆ ಬಂದಂತೆ.

ಗೀರಿಗೆ ‘ಹೀಲ್’ ಮತ್ತು ‘ಕ್ಲೋನ್’ ಎಂಬ ಎರಡು ಉಪಕರಣಗಳಿವೆ. ಕ್ಲೋನ್ ಒಂದು ಜಾಗವನ್ನು ಇದ್ದಂತೆಯೇ ಇನ್ನೊಂದು ಕಡೆಗೆ ನಕಲಿಸುತ್ತದೆ. ಹೀಲ್ ಪಕ್ಕದ ಚರ್ಮದ ನವಿರನ್ನು ತಂದು, ಬಣ್ಣ ಮತ್ತು ಬೆಳಕನ್ನು ಆ ಜಾಗಕ್ಕೆ ಹೊಂದಿಸುತ್ತದೆ. ಕೆನ್ನೆಗೆ ಹೀಲ್ ಸರಿ. ಕಂಟ್ರೋಲ್ ಕೀ ಒತ್ತಿ ಗೀರಿನ ಪಕ್ಕದಲ್ಲೇ ಕ್ಲಿಕ್ ಮಾಡಿ, ಬ್ರಷ್ ಗೀರಿಗಿಂತ ಸ್ವಲ್ಪವೇ ದಪ್ಪ ಇರಲಿ. ಒಂದೇ ಎಳೆತಕ್ಕೆ ಒರೆಸಬೇಡಿ, ಚುಕ್ಕೆ ಚುಕ್ಕೆಯಾಗಿ ಮುಂದುವರಿಯಿರಿ, ಆಗಾಗ ಮೂಲ ಜಾಗ ಬದಲಿಸಿ. ಗೀರು ಸೀರೆಯ ಅಂಚನ್ನೋ ಕೂದಲಂಚನ್ನೋ ದಾಟುವ ಕಡೆ ಹೀಲ್ ಮಸಿ ಬಳಿದಂತೆ ಮಾಡುತ್ತದೆ. ಅಲ್ಲಿ ಕ್ಲೋನ್ ಬಳಸಿ.

ಇಲ್ಲದ್ದನ್ನು ಯಾವ ಉಪಕರಣವೂ ಮರಳಿ ತರಲಾರದು. ನಿಮ್ಮ ತಾಲ್ಲೂಕಿನ ಗಗನಚುಕ್ಕಿ ಜಲಪಾತದ ಫೋಟೋ ನಿಮ್ಮಲ್ಲಿದ್ದರೆ ನೋಡಿ. ನೊರೆ ಪೂರಾ ಬೆಳ್ಳಗಾದ ಕಡೆ ಮೂರು ಚಾನೆಲ್‌ಗಳೂ ಗರಿಷ್ಠ ಮಟ್ಟವಾದ 255ಕ್ಕೆ ಮುಟ್ಟಿರುತ್ತವೆ. ಅಲ್ಲಿ ನೀರಿನ ಎಳೆ ಫೈಲಿನಲ್ಲೇ ಇಲ್ಲ. ಕಪ್ಪು ಮಾಡಿದರೆ ಬರೀ ಬೂದು ಬಣ್ಣ ಬರುತ್ತದೆ. ಮುಖಕ್ಕೂ ಇದೇ ಮಾತು. ಒಂದು ಗುಂಡಿ ಒತ್ತಿದರೆ ಮಸುಕಾದ ಮುಖ ಸ್ಪಷ್ಟವಾಗಿಸುವ ಆ್ಯಪ್‌ಗಳು ಕಾಣದ ಕಣ್ಣು, ಹಲ್ಲುಗಳನ್ನು ಊಹಿಸಿ ಬರೆಯುತ್ತವೆ. ಬರುವುದು ಚೆಂದದ ಮುಖವೇ ಇರಬಹುದು, ನಿಮ್ಮ ತಂದೆಯದಾಗಿರಬೇಕೆಂದಿಲ್ಲ.

ಆದ್ದರಿಂದ ಕಾಗದಕ್ಕಾದ ಗಾಯವನ್ನು ಮಾತ್ರ ತಿದ್ದಿ. ಗೀರು, ಕಲೆ, ಮಡಿಕೆ, ಮಾಸಿದ ಬಣ್ಣ ಹೋಗಲಿ. ಮಚ್ಚೆ, ಹಳೆಯ ಗಾಯದ ಗುರುತು, ಗದ್ದೆಯ ಬಿಸಿಲಿಗೆ ಕಪ್ಪಾದ ಮೈಬಣ್ಣ ಅವರವು. ಅವನ್ನು ಬೆಳ್ಳಗೆ ಮಾಡುವ ಹಕ್ಕು ತಿದ್ದುವವನಿಗಿಲ್ಲ. ಮುಗಿದ ಮೇಲೆ, ಪ್ರಿಂಟಿಗೆ ಕೊಡುವ ಮುಂಚೆ, ತಂದೆಯವರ ಆ ವಯಸ್ಸನ್ನು ಕಂಡ ಹಿರಿಯರೊಬ್ಬರಿಗೆ ತೋರಿಸಿ. ಎಲ್ಲಿ ಹೆಚ್ಚು ತಿದ್ದಿದ್ದೀರಿ ಎಂದು ಅವರು ಹೇಳಿದಷ್ಟು ನಿಖರವಾಗಿ ಯಾವ ಸಾಫ್ಟ್‌ವೇರೂ ಹೇಳಲಾರದು.